ಮುತ್ತಾತನ ಕಸುಬು ಯಾವುದು? ಹಳೇ ಕಾಗದ, ಹಳೇ ಜನಗಣತಿ ಓದುವ ಬಗೆ

ತಿಂಗಳಿಗೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ‘ಮನೆಯ ಹಳೇ ಕ್ರಯಪತ್ರದಲ್ಲಿ ನಮ್ಮ ಹಿರೀಕರ ಹೆಸರಿನ ಪಕ್ಕ ಏನೋ ಒಂದು ಪದ ಇದೆ. ಅದು ಯಾವ ಕೆಲಸ ಅಂತ ಯಾರಿಗೂ ಗೊತ್ತಿಲ್ಲ. ಹಳೇ ಜನಗಣತಿಯಲ್ಲಿ ಹುಡುಕಿದರೆ ಸಿಗುತ್ತಾ?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು. ಒಂದೇ ಸಲ ಎಲ್ಲ ಹೇಳಿಬಿಡುತ್ತೇನೆ.

ಶುರುವಿನಲ್ಲೇ ಒಂದು ಕಹಿ ಮಾತು. ಬೆಂಗಳೂರಿನ ಹಳೇ ಜನಗಣತಿಯಲ್ಲಿ ನಿಮ್ಮ ಮುತ್ತಾತನ ಹೆಸರು ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ನೆಂಟರಿರುವವರು ‘ಅಲ್ಲಿ ಮನೆ ನಂಬರ್ ಸಮೇತ ಸಿಗುತ್ತಲ್ಲಾ’ ಅನ್ನುತ್ತಾರೆ. ನಿಜ. ಅಲ್ಲಿ ಮನೆಮನೆಯ ಹಾಳೆಗಳನ್ನು ಇಟ್ಟುಕೊಂಡು, ನೂರು ವರ್ಷ ಆದ ಮೇಲೆ ಜನರಿಗೆ ಬಿಡುತ್ತಾರೆ. 1921ರ ಹಾಳೆಗಳವರೆಗೂ ಈಗ ನೋಡಬಹುದು. ನಮ್ಮಲ್ಲಿ ಎಣಿಕೆ ಮುಗಿದು ಪಟ್ಟಿ ತಯಾರಾದ ಮೇಲೆ ಮನೆಮನೆಯ ಹಾಳೆಗಳನ್ನು ಉಳಿಸಿಕೊಳ್ಳಲಿಲ್ಲ. ಸ್ವಾತಂತ್ರ್ಯ ಬಂದ ಮೇಲಿನ ಗಣತಿಗಳ ಮಾತು ಇನ್ನೂ ಬಿಗಿ. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯವರು ಬರೆದುಕೊಂಡ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ. ಹಾಗಾಗಿ ‘ಮೈಸೂರು ಗಣತಿಯಲ್ಲಿ ನಿಮ್ಮ ಪೂರ್ವಿಕರ ಹೆಸರು ಹುಡುಕಿಕೊಡುತ್ತೇವೆ’ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾದರೆ ಗಣತಿ ಯಾತಕ್ಕೆ? ಉಳಿದಿರುವುದು ವರದಿಗಳು, ಕೋಷ್ಟಕಗಳು. ಹೆಸರು ನಿಮ್ಮ ಮನೆಯ ಟ್ರಂಕಿನಲ್ಲಿರುತ್ತೆ. ಆ ಹೆಸರಿನ ಪಕ್ಕದ ಪದಕ್ಕೆ ಆ ಕಾಲದಲ್ಲಿ ಏನರ್ಥ ಇತ್ತು, ಅಂಥವರು ಊರಿನಲ್ಲಿ ಎಷ್ಟು ಜನ ಇದ್ದರು ಅನ್ನುವುದು ಗಣತಿಯಲ್ಲಿರುತ್ತೆ. ಎರಡನ್ನೂ ಕೂಡಿಸುವುದೇ ಕೆಲಸ.

ಬೇಕಾಗುವ ಸಾಮಾನು: ಕಾಗದದ ಒಳ್ಳೇ ಫೋಟೋ, ಒಂದು ಭೂತಗನ್ನಡಿ, ನೋಟ್‌ಬುಕ್, ಇಂಟರ್ನೆಟ್. ಇವುಗಳಿಗಿಂತ ಮುಖ್ಯವಾಗಿ, ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ ಅವರ ಜೊತೆ ಒಂದು ಮಧ್ಯಾಹ್ನ.

1. ಕಾಗದ ಒಟ್ಟುಮಾಡಿ

ಕಸುಬು ಬರೆದಿರುವ ಕಾಗದಗಳು ಇವು: ಕ್ರಯಪತ್ರ, ಭೋಗ್ಯಪತ್ರ (ಸಾಲಕ್ಕೆ ಮನೆ, ಜಮೀನು ಒತ್ತೆಯಿಟ್ಟ ಪತ್ರ), ಪಾಲುಪಟ್ಟಿ, ಪಿಂಚಣಿ ಕಾಗದ, ಇನಾಮ್ ಸನ್ನದು (ಸರ್ಕಾರ ಜಮೀನು ಇನಾಮು ಕೊಟ್ಟ ಪತ್ರ), ಶಾಲೆಯ ದಾಖಲಾತಿ ರಿಜಿಸ್ಟರ್. ಶಾಲೆಯ ರಿಜಿಸ್ಟರನ್ನು ಜನ ಮರೆತೇಬಿಡುತ್ತಾರೆ. ತಾತನ ಹೆಸರಿನ ಮುಂದೆ ‘ಪೋಷಕರ ಉದ್ಯೋಗ’ ಅಂತ ಒಂದು ಕಾಲಂ ಇದ್ದರೆ ಮುತ್ತಾತ ಅಲ್ಲಿ ಸಿಕ್ಕಿಬೀಳುತ್ತಾರೆ. ಕ್ರೈಸ್ತ ಕುಟುಂಬವಾದರೆ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿ. ಮಗುವಿನ ತಂದೆಯ ಕೆಲಸ ಅದರಲ್ಲಿ ಬರೆದಿರುವುದು ರೂಢಿ.

ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಟೇಪ್ ಅಂಟಿಸಬೇಡಿ. ಕಿಟಕಿ ಪಕ್ಕ ಇಟ್ಟು, ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಿರಿ. ಹಿಂಬದಿಯದೂ ತೆಗೆಯಿರಿ, ಸಾಕ್ಷಿಗಳ ರುಜು ಅಲ್ಲೇ ಇರಬಹುದು.

2. ಪದವನ್ನು ಇದ್ದ ಹಾಗೇ ಬರೆದುಕೊಳ್ಳಿ

ಎಲ್ಲರೂ ಜಾರುವುದು ಇಲ್ಲೇ. ಗೊತ್ತಿರುವ ಪದಕ್ಕೆ ಹೊಂದಿಸಿ ಓದುವ ಚಪಲ. ಬೇಡ. ಅಕ್ಷರ ಅನುಮಾನವಾದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅದೇ ಬರಹಗಾರ ಅದೇ ಪುಟದಲ್ಲಿ ‘ಮ’ ಹೇಗೆ ಬರೆದಿದ್ದಾನೆ, ‘ವ’ ಹೇಗೆ ಬರೆದಿದ್ದಾನೆ ಅಂತ ಹೋಲಿಸಿ. ಊರಿನ ಹೆಸರು, ತಿಂಗಳ ಹೆಸರು ನಮಗೆ ಗೊತ್ತಿರುತ್ತಲ್ಲ, ಅವುಗಳಿಂದ ಆ ಕೈಬರಹದ ವರ್ಣಮಾಲೆ ಮಾಡಿಕೊಳ್ಳಬಹುದು. ಕನ್ನಡ ಅಂಕಿ ೬ ಮತ್ತು ೯ ಬಗ್ಗೆ ಎರಡು ಸಲ ನೋಡಿ. ಅಕ್ಷರಗಳು ಕನ್ನಡದಂತೆ ಕಾಣದೆ ಒಂದಕ್ಕೊಂದು ತಗಲಿಕೊಂಡು ಓಡುತ್ತಿದ್ದರೆ ಅದು ಮೋಡಿ ಲಿಪಿ ಇರಬಹುದು, ಅಂದರೆ ಬೇಗ ಬರೆಯಲು ಕಚೇರಿಗಳಲ್ಲಿ ಬಳಸುತ್ತಿದ್ದ ಬರಹ. ಅದಕ್ಕೆ ಓದಲು ಬರುವವರೇ ಬೇಕು. ಊಹೆ ಮಾಡಬೇಡಿ.

ಕೆಲವು ಗುರುತುಗಳು. ‘ಬಿನ್’ ಅಂದರೆ ಇಂಥವರ ಮಗ. ‘ಕೋಂ’ ಅಂದರೆ ಇಂಥವರ ಹೆಂಡತಿ. ‘ಸಾ||’ ಅಂದರೆ ಸಾಕಿನ್, ಅಂದರೆ ವಾಸಿಸುವ ಊರು. ‘ಜಿರಾಯತಿ’ ಅಂದರೆ ಬೇಸಾಯ. ಇನ್ನು ದೊಡ್ಡ ಹಳ್ಳ ಒಂದಿದೆ: ‘ಕಸಬೆ’. ಇದನ್ನು ‘ಕಸುಬು’ ಅಂತ ಓದಿ ತಲೆ ಕೆಡಿಸಿಕೊಂಡವರು ಬಹಳ ಜನ. ಕಸಬೆ ಅಂದರೆ ತಾಲ್ಲೂಕಿನ ಅಥವಾ ಹೋಬಳಿಯ ಮುಖ್ಯ ಊರು. ಇವತ್ತಿಗೂ ‘ಕಸಬಾ ಹೋಬಳಿ’ ಅಂತೀವಲ್ಲ, ಅದೇ. ‘ಬೆಂಗಳೂರು ಕಸಬೆ ಬಳೇಪೇಟೆ’ ಅಂತ ಇದ್ದರೆ ಅದು ಬರೀ ವಿಳಾಸ. ಬಳೆ ವ್ಯಾಪಾರಕ್ಕೂ ನಿಮ್ಮ ತಾತನಿಗೂ ಅದರಿಂದ ನಂಟು ಹಾಕಬೇಡಿ.

3. ವರ್ಷ ಮತ್ತು ಜಾಗ ಗಟ್ಟಿ ಮಾಡಿಕೊಳ್ಳಿ

ಹಳೇ ಪತ್ರದಲ್ಲಿ ಇಸವಿ ಇರದೆ ಸಂವತ್ಸರದ ಹೆಸರು ಮಾತ್ರ ಇರಬಹುದು. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಪ್ರಭವ ಸಂವತ್ಸರ 1807-08, 1867-68, 1927-28, 1987-88ರಲ್ಲಿ ಬಂತು. ಅಲ್ಲಿಂದ ಎಣಿಸಿಕೊಂಡು ಹೋಗಿ. ಧಾತು, ಈಶ್ವರ ಅನ್ನುವ ಹೆಸರು ಕಂಡರೆ ಗಮನ ಕೊಡಿ. 1876ರಿಂದ 78ರ ಭೀಕರ ಬರ ಬಿದ್ದದ್ದು ಆ ಎರಡು ವರ್ಷಗಳಲ್ಲಿ. ಬರಕ್ಕೆ ಮುಂಚೆ ನೇಯ್ಗೆಯವನಾಗಿದ್ದವನು ಬರ ಕಳೆದ ಮೇಲೆ ಕೂಲಿ ಅಂತ ಬರೆಸಿಕೊಂಡಿದ್ದರೆ ಅದು ಬರೆದವರ ತಪ್ಪು ಅಂದುಕೊಳ್ಳಬೇಡಿ.

ಆಮೇಲೆ ಆಡಳಿತ ಯಾರದ್ದು ಅಂತ ನೋಡಿ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತೆಗೆದುಕೊಂಡರು. 1881ರಲ್ಲಿ ಮಹಾರಾಜರಿಗೆ ವಾಪಸ್ಸು ಕೊಟ್ಟರು. ಆದರೆ ಬೆಂಗಳೂರಿನ ದಂಡನ್ನು, ಅಂದರೆ ಕಂಟೋನ್ಮೆಂಟನ್ನು, ಮಾತ್ರ ಬಿಟ್ಟುಕೊಡಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಅಂತ ಅದು 1947ರವರೆಗೂ ಅವರದ್ದೇ ಆಡಳಿತದಲ್ಲಿತ್ತು. ಅಂದರೆ ಬೆಂಗಳೂರು ಒಂದೇ ಆದರೂ ಕಾಗದದ ಮೇಲೆ ಎರಡು ಊರು. ಗಣತಿಯಲ್ಲೂ ಎರಡರ ಲೆಕ್ಕ ಬೇರೆ ಬೇರೆ. ಅರಳೆಪೇಟೆ, ತರಗುಪೇಟೆ ಕಡೆಯವರಾದರೆ ‘ಬೆಂಗಳೂರು ನಗರ’ದ ಕಾಲಂ ನೋಡಿ. ಅಲಸೂರು, ಶೂಲೆ, ಬ್ಲ್ಯಾಕ್‌ಪಲ್ಲಿ ಕಡೆಯವರಾದರೆ ‘ಸ್ಟೇಷನ್’ ಕಾಲಂ ನೋಡಿ.

ಭಾಷೆಯೂ ಬದಲಾಗುತ್ತೆ. ಪೇಟೆಯ ಕಾಗದದಲ್ಲಿ ಶೇಕ್‌ದಾರ (ಕಂದಾಯ ನೋಡಿಕೊಳ್ಳುವ ಕೆಳ ಅಧಿಕಾರಿ), ಹುಂಡೇಕಾರ (ಸರಕು ಸಾಗಣೆ ವಹಿಸಿಕೊಳ್ಳುವವನು), ಸಾಯರ್ ಗುಮಾಸ್ತೆ (ಸುಂಕದ ಲೆಕ್ಕ ಬರೆಯುವವನು) ಇಂಥ ಪದಗಳು. ದಂಡಿನ ಕಡೆ ತಮಿಳು, ಹಿಂದೂಸ್ತಾನಿ, ಇಂಗ್ಲಿಷ್ ಬೆರೆತ ಪದಗಳು: ದುಬಾಷಿ (ಎರಡು ಭಾಷೆ ಬಲ್ಲ ಮಧ್ಯವರ್ತಿ), ಪಕ್ಕಾಲಿ (ಎತ್ತಿನ ಮೇಲೆ ತೊಗಲ ಚೀಲದಲ್ಲಿ ನೀರು ತರುವವನು), ಲಷ್ಕರ್ (ಡೇರೆ ಹಾಕುವಂಥ ಕೆಲಸದ ಆಳು).

4. ಆ ಕಾಲದ ನಿಘಂಟು ತೆಗೆಯಿರಿ

ಈಗಿನ ನಿಘಂಟು ಕೊಡುವ ಮೊದಲ ಅರ್ಥವನ್ನು ನಂಬಬೇಡಿ. ಮೂರು ಹಳೇ ಪುಸ್ತಕ ಸಾಕು: ಕಿಟ್ಟೆಲ್ ಅವರ 1894ರ ಕನ್ನಡ-ಇಂಗ್ಲಿಷ್ ನಿಘಂಟು, ಎಚ್. ಎಚ್. ವಿಲ್ಸನ್ 1855ರಲ್ಲಿ ಮಾಡಿದ ಕಂದಾಯ ಮತ್ತು ನ್ಯಾಯದ ಪದಕೋಶ, 1886ರ ‘ಹಾಬ್ಸನ್-ಜಾಬ್ಸನ್’ (ಇಲ್ಲಿದ್ದ ಇಂಗ್ಲಿಷರ ಮಾತಿನಲ್ಲಿ ಬೆರೆತ ಪದಗಳ ಕೋಶ). ಮೂರೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿ ಸಿಗುತ್ತವೆ. ಸರ್ಕಾರಿ ಕಾಗದದ ಪದಕ್ಕೆ ವಿಲ್ಸನ್, ಮನೆಮಾತಿನ ಪದಕ್ಕೆ ಕಿಟ್ಟೆಲ್, ದಂಡಿನ ಪದಕ್ಕೆ ಹಾಬ್ಸನ್-ಜಾಬ್ಸನ್. ನಾನು ಈ ಕ್ರಮದಲ್ಲೇ ಹೋಗುವುದು.

ಹೇಗೆ ಅಂತ ನಮ್ಮ ಮನೆಯದೇ ಒಂದು ಕಾಗದದಿಂದ ತೋರಿಸುತ್ತೇನೆ. ಒಂದು ಭೋಗ್ಯಪತ್ರ. ಬರೆದುಕೊಟ್ಟವರು ನಮ್ಮ ಮುತ್ತಾತನ ಅಪ್ಪ. ಹೆಸರಿನ ಪಕ್ಕ ‘ಕಂದಾಚಾರ’ ಅಂತಿದೆ. ದೊಡ್ಡತ್ತೆ ಅದನ್ನು ಓದಿ ಕಾಗದ ಮಡಚಿಟ್ಟುಬಿಟ್ಟಿದ್ದರು. ಕಂದಾಚಾರ ಅಂದರೆ ಈಗ ಮೂಢನಂಬಿಕೆ, ಕುರುಡು ಆಚಾರ ಅಲ್ವಾ? ‘ಮಾಟ ಮಂತ್ರ ಮಾಡ್ತಿದ್ರೋ ಏನೋ, ಸುಮ್ನೆ ಯಾಕೆ ಕೆದಕ್ತೀಯ’ ಅಂದರು.

ವಿಲ್ಸನ್ ತೆಗೆದರೆ ಬೇರೆಯದೇ ಕತೆ. ಹಳೇ ಮೈಸೂರಿನಲ್ಲಿ ಕಂದಾಚಾರ ಅನ್ನುವುದು ಒಂದು ಸರ್ಕಾರಿ ಇಲಾಖೆ. ಊರೂರಿನ ಕಾಲಾಳು ಪಡೆಯನ್ನು ಅದು ನೋಡಿಕೊಳ್ಳುತ್ತಿತ್ತು. ಯುದ್ಧ ಇಲ್ಲದಾಗ ಆ ಪೇದೆಗಳು ಕಾವಲು, ಪೊಲೀಸು, ಕಂದಾಯದ ಚಾಕರಿ ಮಾಡುತ್ತಿದ್ದರು. ಪೂರ್ಣಯ್ಯನವರು ದಿವಾನರಾಗಿದ್ದಾಗ ಇಂಥವರು ಸಾವಿರಗಟ್ಟಲೆ ಇದ್ದರು. ಮುಂದೆ ಹೊಸ ಮಾದರಿಯ ಪೊಲೀಸು ಬಂದ ಮೇಲೆ ಆ ಹೆಸರೇ ಕಾಣೆಯಾಯಿತು. ಉಳಿದದ್ದು ಬೈಗುಳದ ಅರ್ಥ ಮಾತ್ರ.

ಇದರಿಂದ ಇನ್ನೊಂದು ಲಾಭವೂ ಆಯಿತು. ಪತ್ರದಲ್ಲಿ ‘ಸಾಧಾರಣ ಸಂವತ್ಸರ’ ಅಂತಿತ್ತು. ಸಾಧಾರಣ ಅನ್ನುವುದು 44ನೇ ಸಂವತ್ಸರದ ಹೆಸರು. ಎಣಿಸಿದರೆ 1850-51 ಆಗಬೇಕು, ಇಲ್ಲ 1910-11. 1910ರ ಹೊತ್ತಿಗೆ ಕಂದಾಚಾರದ ಪೇದೆಗಳು ಇರಲೇ ಇಲ್ಲ. ಹಾಗಾಗಿ 1850. ಕಸುಬು ಗೊತ್ತಾದದ್ದರಿಂದ ಕಾಗದದ ವಯಸ್ಸೂ ಗೊತ್ತಾಯಿತು. ದೊಡ್ಡತ್ತೆ ಈಗ ಬಂದವರಿಗೆಲ್ಲ ‘ನಮ್ಮದು ಪೊಲೀಸ್ ವಂಶ’ ಅನ್ನುತ್ತಾರೆ. ಅದೂ ಸ್ವಲ್ಪ ಜಾಸ್ತಿಯೇ ಆಯಿತು.

ಹೀಗೆ ಅರ್ಥ ಪಲ್ಟಿ ಹೊಡೆದ ಪದ ಇನ್ನೂ ಇವೆ. ‘ಬೆಣ್ಣೆ ಚಾವಡಿ’ ಅಂತ ಕಂಡರೆ ಬೆಣ್ಣೆ ಮಾರುತ್ತಿದ್ದರು ಅನ್ನಬೇಡಿ. ಅದು ಚಿಕ್ಕದೇವರಾಜ ಒಡೆಯರ ಕಾಲದ ದನ ಸಾಕಣೆಯ ಇಲಾಖೆ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳು ಅಲ್ಲಿಂದಲೇ ಬರುತ್ತಿದ್ದವು. ಅಲ್ಲಿನ ‘ಸೇರ್ವೇಗಾರ’ ದನದ ಹಿಂಡುಗಳ ಮೇಲಿನ ಮುಖ್ಯಸ್ಥ. ‘ಬಾರ್ ಸಿಪಾಯಿ’ ಅಂದರೆ ಮೈಸೂರು ಸರ್ಕಾರದ ಕಾಲಾಳು ದಳದವನು, ಹೆಂಡದಂಗಡಿಗೆ ಸಂಬಂಧ ಇಲ್ಲ. ‘ಸಿಲ್ಲೇದಾರ’ ಸ್ವಂತ ಕುದುರೆ ತಂದು ಸೇನೆಗೆ ಸೇರಿದವನು.

ಕಾಗದ ಇಂಗ್ಲಿಷಿನಲ್ಲಿದ್ದರೆ ಬೇರೆ ಪಾಡು. ನಮ್ಮ ಪದವನ್ನು ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾರೆ. ಕಂದಾಚಾರ ‘ಕೆ’ ಅಕ್ಷರದಿಂದ ಸಿಗದಿದ್ದರೆ ‘ಸಿ’ಯಿಂದ ಹುಡುಕಿ. ಉಕಾರಕ್ಕೆ ‘ಡಬಲ್ ಓ’, ಈಕಾರಕ್ಕೆ ‘ಡಬಲ್ ಇ’ ಹಾಕಿ ನೋಡಿ. ಪದವನ್ನು ಜೋರಾಗಿ ಓದಿ. ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತೆ.

5. ಈಗ ಗಣತಿ ವರದಿ ತೆರೆಯಿರಿ

ಮೈಸೂರು ಸಂಸ್ಥಾನದಲ್ಲಿ ಮೊದಲ ಜನಗಣತಿ 1871ರಲ್ಲಿ ಆಯಿತು. ಅದಕ್ಕೆ ಮುಂಚೆ ‘ಖಾನೇಸುಮಾರಿ’ ಅಂತ ಇತ್ತು, ಮನೆಗಳನ್ನೂ ಜನರನ್ನೂ ಎಣಿಸುವ ಹಳೇ ಕ್ರಮ. 1881ರಿಂದ ಹತ್ತು ವರ್ಷಕ್ಕೊಂದು ಗಣತಿ. ವರದಿಗಳು ಭಾರತದ ಜನಗಣತಿ ಇಲಾಖೆಯ ವೆಬ್‌ಸೈಟ್‌ನಲ್ಲೂ ಇಂಟರ್ನೆಟ್ ಆರ್ಕೈವ್‌ನಲ್ಲೂ ಇವೆ. ಮೈಸೂರಿನ ಸಂಪುಟದ ಸಂಖ್ಯೆ ಪ್ರತಿ ಸಲ ಬದಲಾಗುತ್ತೆ. 1901ರದ್ದು 24ನೇ ಸಂಪುಟ, 1911ರದ್ದು 21ನೇ ಸಂಪುಟ. ಎರಡರಲ್ಲೂ ಕಸುಬಿನ ಲೆಕ್ಕ ಇರುವುದು 15ನೇ ಕೋಷ್ಟಕದಲ್ಲಿ.

ಕೋಷ್ಟಕ ತೆರೆದ ತಕ್ಷಣ ನಿಮ್ಮ ಪದ ಕಾಣಲ್ಲ. ಅಲ್ಲಿರುವುದು ಗುಂಪುಗಳು. ಮನೆಯವರು ಹೇಳಿದ ಪದವನ್ನು ಎಣಿಕೆದಾರ ಬರೆದುಕೊಂಡ, ಕಚೇರಿಯಲ್ಲಿ ಅದನ್ನು ಇಂಗ್ಲಿಷಿನ ಯಾವುದೋ ಗುಂಪಿಗೆ ಹಾಕಿದರು. 1901ರಲ್ಲಿ ಇಂಥ 520 ಗುಂಪುಗಳಿದ್ದವು. 1911ರಲ್ಲಿ ಫ್ರಾನ್ಸಿನ ಬೆರ್ತಿಯೋ ಅನ್ನುವವರ ಪದ್ಧತಿ ಹಿಡಿದು 169ಕ್ಕೆ ಇಳಿಸಿದರು. ಅಪರೂಪದ ಕಸುಬು ಹುಡುಕುವವರಿಗೆ ನನ್ನ ಸಲಹೆ: ಮೊದಲು 1901ರದ್ದು ನೋಡಿ. ಜರಡಿ ಸಣ್ಣದಿದ್ದಷ್ಟೂ ಕಾಳು ಜಾಸ್ತಿ ಉಳಿಯುತ್ತೆ.

ಎರಡು ಎಚ್ಚರಿಕೆ. ಒಂದು, 1891ರ ಲೆಕ್ಕದಲ್ಲಿ ಆ ಕಸುಬಿನಿಂದ ಹೊಟ್ಟೆ ಹೊರೆಯುವವರೆಲ್ಲ ಸೇರಿದ್ದಾರೆ. ಹೆಂಡತಿ, ಮಕ್ಕಳು, ಮನೆಯ ಮುದುಕರು ಎಲ್ಲ. 1901ರಲ್ಲಿ ದುಡಿಯುವವರು ಬೇರೆ, ಅವಲಂಬಿತರು ಬೇರೆ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ‘ಅಯ್ಯೋ, ಹತ್ತೇ ವರ್ಷದಲ್ಲಿ ಕಸುಬು ಕುಸಿದುಬಿಟ್ಟಿತು’ ಅಂತ ಬರೆದವರನ್ನು ನೋಡಿದ್ದೇನೆ. ಎರಡು, ಬೇಸಾಯವೂ ಇದ್ದು ಇನ್ನೊಂದು ಕೆಲಸವೂ ಇದ್ದವನು ಒಂದೇ ತಲೆಬರಹದಡಿ ಸೇರಿಹೋಗಿರಬಹುದು. ನೀರುಗಂಟಿ (ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು), ತಳವಾರ (ಊರ ಕಾವಲುಗಾರ), ತೋಟಿ (ಊರ ಚಾಕರಿಯವನು) ಇವರೆಲ್ಲ ಊರಿನ ಆಯಗಾರರು, ಅಂದರೆ ಕೆಲಸಕ್ಕೆ ಬದಲಾಗಿ ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುವವರು. ಅವರಿಗೆ ಹೊಲವೂ ಇರುತ್ತಿತ್ತು.

ಅಂಕಿ ನೋಡಿ ಮುಗಿಸಬೇಡಿ. ಅದೇ ವರದಿಯಲ್ಲಿ ಕಸುಬಿನ ಬಗ್ಗೆ ಒಂದು ಅಧ್ಯಾಯ ಇರುತ್ತೆ, ಪಟ್ಟಿಯಲ್ಲಿ ಸಿಗದ ವಿವರಣೆ ಅಲ್ಲಿ ಸಿಗಬಹುದು. ಜೊತೆಗೆ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ (ಸಂಸ್ಥಾನದ ಊರು, ಜನರ ವಿವರ ಇರುವ ಪುಸ್ತಕ) ಇಟ್ಟುಕೊಳ್ಳಿ.

ಊರಿನ ಇತಿಹಾಸವನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. 1896ರಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂತು. 1898ರಲ್ಲಿ ಪ್ಲೇಗ್ ಬಡಿದು ಪೇಟೆ ಖಾಲಿಯಾಯಿತು. 1905ರಲ್ಲಿ ಬೀದಿಗೆ ಕರೆಂಟ್ ದೀಪ. ಅಂಚೆ ಹರಿಕಾರ (ಟಪಾಲು ಹೊತ್ತು ಓಡುವವನು), ನೀರು ಹೊರುವವನು, ಬೀದಿದೀಪಕ್ಕೆ ಎಣ್ಣೆ ಹಾಕುವವನು, ಇವರ ಮಕ್ಕಳು ಯಾಕೆ ಬೇರೆ ಕೆಲಸ ಹಿಡಿದರು ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

6. ಜಾತಿಯ ಹೆಸರೋ ಕೆಲಸದ ಹೆಸರೋ?

ಇದು ಸೂಕ್ಷ್ಮ, ಆದರೆ ಬಿಟ್ಟರೆ ಆಗಲ್ಲ. ಉದಾಹರಣೆಗೆ ‘ಗೊಲ್ಲ’. ದನ ಕಾಯುವ ಜಾತಿ ಅಂತ ತಕ್ಷಣ ತೀರ್ಮಾನಿಸುತ್ತೇವೆ. ಆದರೆ ಖಜಾನೆಯಲ್ಲಿ ಹಣದ ಕಾವಲು, ಸಾಗಾಟ ಮಾಡುವ ನೌಕರನಿಗೂ ಗೊಲ್ಲ ಅನ್ನುತ್ತಿದ್ದರು. ಸರ್ಕಾರದ ಹಣ ಸಾಗಿಸಲು ಆ ಜನರನ್ನು ನಂಬಿ ಇಟ್ಟುಕೊಂಡದ್ದರಿಂದ ಹುದ್ದೆಗೇ ಆ ಹೆಸರು ಬಂತು. ಹಾಗಾಗಿ ‘ಖಜಾನೆ ಗೊಲ್ಲ’ ಅಂತ ಇದ್ದರೆ ಮೊದಲು ಹುದ್ದೆ ಅಂತ ಓದಿ.

ಇದಕ್ಕೆ ಉಲ್ಟಾ ‘ಉಪ್ಪಾರ’. ಚೌಳು ಮಣ್ಣಿನಿಂದ ಉಪ್ಪು ತೆಗೆಯುವ ಕಸುಬಿನಿಂದ ಬಂದ ಹೆಸರು. ಆದರೆ ಮುಂದೆ ಕಟ್ಟಡದ ಕೆಲಸ, ಮಣ್ಣಿನ ಕೆಲಸ ಹಿಡಿದವರು ಅವರಲ್ಲಿ ಬಹಳ. 1900ರ ಕಾಗದದಲ್ಲಿ ಉಪ್ಪಾರ ಅಂತ ಕಂಡರೆ ಉಪ್ಪು ಮಾಡುತ್ತಿದ್ದರು ಅಂತ ಬರೆಯಲು ಬೇರೆ ಸಾಕ್ಷಿ ಬೇಕು. ಪೇಟೆಗಳ ಹೆಸರಿಗೂ ಇದೇ ಮಾತು. ಕುಂಬಾರಪೇಟೆಯಲ್ಲಿ ಮನೆ ಇದ್ದವರೆಲ್ಲ ಮಡಕೆ ಮಾಡಲಿಲ್ಲ.

7. ಎರಡನೇ ಸಾಕ್ಷಿ ಹುಡುಕಿ

ಒಂದು ಕಾಗದದ ಒಂದು ಪದದ ಮೇಲೆ ವಂಶವೃಕ್ಷ ಕಟ್ಟಬೇಡಿ. ಸರ್ಕಾರಿ ಕೆಲಸ ಅನ್ನುವ ಅನುಮಾನ ಬಂದರೆ ವಿಕಾಸಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಗುರುತಿನ ಚೀಟಿ ಜೊತೆಗಿರಲಿ. ‘ನಮ್ಮ ಮುತ್ತಾತನ ಬಗ್ಗೆ ಏನಾದರೂ ಇದೆಯಾ’ ಅಂತ ಕೇಳಿದರೆ ಅವರು ಏನು ತಾನೇ ತೆಗೆದುಕೊಟ್ಟಾರು? ಇಲಾಖೆ, ವರ್ಷ, ತಾಲ್ಲೂಕು ಹೇಳಿ. ‘ಅಮೃತ್ ಮಹಲ್, 1880ರಿಂದ 1890’ ಅಂದರೆ ಕಡತದ ಪಟ್ಟಿ ನೋಡಬಹುದು. ದಂಡಿನ ಕಡೆಯವರಾದರೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ಜಾಲತಾಣದಲ್ಲೂ ಹುಡುಕಿ. ದಂಡಿನ ಚರ್ಚುಗಳ ರಿಜಿಸ್ಟರಿನ ಪ್ರತಿಗಳು ಮದರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಕೊನೆಗೆ ಒಂದು ಕಾರ್ಡಿನ ಮೇಲೆ ಬರೆದಿಡಿ. ನಮ್ಮ ಮನೆಯದು ಹೀಗಿದೆ:

ಪದ: ಕಂದಾಚಾರ. ಎಲ್ಲಿ: ಭೋಗ್ಯಪತ್ರ, ಮೊದಲ ಪುಟ, ಮೂರನೇ ಸಾಲು. ಕಾಲ: ಸಾಧಾರಣ ಸಂವತ್ಸರ, 1850-51. ಅರ್ಥ: ಸರ್ಕಾರದ ಕಾಲಾಳು ಪಡೆ, ಕಾವಲು. ಆಧಾರ: ವಿಲ್ಸನ್. ಎರಡನೇ ಸಾಕ್ಷಿ: ಇನ್ನೂ ಸಿಕ್ಕಿಲ್ಲ.

ಆ ಕೊನೆಯ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ನೀವೂ ಪೆನ್ಸಿಲ್ಲಿನಲ್ಲೇ ಬರೆಯಿರಿ.